ಬಿಷಪ್ಪರ ಲಾಂಛನದಲ್ಲಿ ಟೋಪಿ ಹಸಿರೋ, ನೇರಳೆಯೋ? ಪ್ರಿಂಟಿಂಗ್ ಪ್ಲೇಟ್ ಹಾಕೋ ಮುಂಚೆ ಯಾರಾದ್ರೂ ಹೇಳ್ರಪ್ಪಾ

ಮಂಡಿಪೇಟೆ ಮಂಜ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಾಗೆ ಡಿಟಿಪಿ ಕೆಲಸ ನಂದು. ಮದುವೆ ಕಾರ್ಡು, ಜಾತ್ರೆ ಕರಪತ್ರ, ಎಲೆಕ್ಷನ್ ಬಂದ್ರೆ ಫ್ಲೆಕ್ಸು. ಈ ಸಲ ಒಂದು ಚರ್ಚಿನ ಕಮಿಟಿಯವರು ಬಂದಾರೆ. ಹೊಸ ಕಟ್ಟಡದ ಉದ್ಘಾಟನೆ. ನಮ್ಮ ಧರ್ಮಕ್ಷೇತ್ರದ (ಅಂದ್ರೆ ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಬಿಷಪ್ಪರು, ಹೊರಗಿನಿಂದ ಒಬ್ಬರು ಆರ್ಚ್‌ಬಿಷಪ್ಪರು, ಒಬ್ಬರು ಮಾನ್ಸಿನ್ಯೋರ್ ಅಂತೆ (ಫಾದರ್‌ಗೆ ಪೋಪರು ಕೊಡೋ ಗೌರವದ ಬಿರುದು), ಜೊತೆಗೆ ಒಬ್ಬ ಸ್ವಾಮೀಜಿ. ಸ್ವಾಮೀಜಿಯವರ ಫೋಟೊ ಐತೆ, ಅದಕ್ಕೆ ತೊಂದರೆ ಇಲ್ಲ. ಬಿಷಪ್ಪರದ್ದು ಮಾತ್ರ ಫೋಟೊ ಜೊತೆ ಲಾಂಛನನೂ ಹಾಕ್ಬೇಕು ಅಂದರು.

ವಾಟ್ಸಾಪ್‌ನಾಗೆ ಬಂದ ಚಿತ್ರ ಮಸುಕು ಮಸುಕು. ಕೋರಲ್‌ನಲ್ಲಿ ಹೊಸದಾಗಿ ಬಿಡಿಸ್ಬೇಕು. ಮಧ್ಯೆ ಗುರಾಣಿ, ಹಿಂದೆ ಶಿಲುಬೆ, ಮೇಲೆ ಅಗಲ ಅಂಚಿನ ಟೋಪಿ, ಎರಡೂ ಕಡೆ ದಾರದಾಗೆ ಕುಚ್ಚು ಇಳಿಬಿದ್ದಾವೆ. ಟೋಪಿ ಹಸಿರು ಐತೆ. ಆದರೆ ಬಿಷಪ್ಪರ ಫೋಟೊ ನೋಡಿದರೆ ತಲೆ ಮೇಲಿನ ಪುಟ್ಟ ಟೋಪಿ, ಸೊಂಟದ ಪಟ್ಟಿ ಎಲ್ಲ ನೇರಳೆ. ಕಮಿಟಿಯಲ್ಲಿ ಒಬ್ಬರು "ಟೋಪಿನೂ ನೇರಳೆ ಮಾಡಪ್ಪ, ಮ್ಯಾಚ್ ಆಗ್ತದೆ" ಅಂತಾರೆ. ಇನ್ನೊಬ್ಬರು ಎಲ್ಲಿಂದಲೋ ಕೆಂಪು ಟೋಪಿದು ಕಳಿಸಿ "ಇದು ಗ್ರ್ಯಾಂಡ್ ಕಾಣ್ತದೆ" ಅಂತಾರೆ. ಬುಧವಾರ ಪ್ಲೇಟ್. ಯಾವುದು ಸರಿ?

ಜಗಳೂರು ಜೋಳ

ಕೆಂಪು ಹಾಕಿದ್ರೆ ಬಿಷಪ್ಪರಿಗೆ ನೀನೇ ಪ್ರಮೋಷನ್ ಕೊಟ್ಟಂಗೆ ಕಣಣ್ಣ. ರೋಮ್‌ನವರು ಕೊಡೋ ಮುಂಚೆ ಮಂಡಿಪೇಟೆಯವರು ಕೊಟ್ರು ಅಂತಾಗ್ತದೆ.

ಕೋಟೆ ಮೇಷ್ಟ್ರು (ಚಿತ್ರದುರ್ಗ)

ಜೋಳ ತಮಾಷೆಗೆ ಹೇಳಿದ್ದು ನಿಜವೇ. ನಾನು ಚರ್ಚಿನವನಲ್ಲ, ಅಂಚೆಚೀಟಿ ಮತ್ತು ನಾಣ್ಯದ ಹುಚ್ಚಿನಿಂದ ಈ ವಿಷಯಕ್ಕೆ ಬಿದ್ದವನು. ಆದ್ದರಿಂದ ಚರ್ಚಿನ ಹಿರಿಯರು ಇಲ್ಲಿದ್ದರೆ ಸೇರಿಸಲಿ.

ಮಂಜಣ್ಣ, ಗುರಾಣಿಯ ಒಳಗಿರುವುದು ಆ ವ್ಯಕ್ತಿಯದು, ಹೊರಗಿರುವುದು ಹುದ್ದೆಯದು. ಒಳಗೆ ಅವರ ಸಭೆ (ಅವರು ಸೇರಿದ ಗುರುಗಳ ಸಂಘ), ಊರು, ಇಷ್ಟದ ಸಂತ, ಏನನ್ನು ಬೇಕಾದರೂ ಸೂಚಿಸುವ ಚಿಹ್ನೆ ಇರಬಹುದು. ಕೆಳಗಿನ ಪಟ್ಟಿಯಲ್ಲಿ ಅವರು ಆರಿಸಿಕೊಂಡ ಧ್ಯೇಯವಾಕ್ಯ. ಹೊರಗಿನ ಟೋಪಿ, ಕುಚ್ಚು, ಶಿಲುಬೆಯಲ್ಲಿ ಮಾತ್ರ ಅವರಿಗೂ ಆಯ್ಕೆಯಿಲ್ಲ, ನಿಮಗೂ ಇಲ್ಲ.

ಕಥೋಲಿಕರ ಲೆಕ್ಕ ಇದು. ಸಾಮಾನ್ಯ ಫಾದರ್‌ಗೆ ಕಪ್ಪು ಟೋಪಿ, ಎರಡೂ ಬದಿಗೆ ಒಂದೊಂದೇ ಕಪ್ಪು ಕುಚ್ಚು. ಬಿಷಪ್ಪರಿಗೆ ಹಸಿರು ಟೋಪಿ, ಪ್ರತಿ ಬದಿಗೆ 6 ಹಸಿರು ಕುಚ್ಚು. ಆರ್ಚ್‌ಬಿಷಪ್ಪರಿಗೂ ಹಸಿರೇ, ಆದರೆ ಬದಿಗೆ 10. ಪೋಪರ ನಂತರದ ದರ್ಜೆಯ ಕಾರ್ಡಿನಲ್ಲರಿಗೆ ಕೆಂಪು ಟೋಪಿ, ಬದಿಗೆ 15 ಕೆಂಪು ಕುಚ್ಚು. ಪೇಟ್ರಿಯಾರ್ಕ್ ಎಂಬ ಪದವಿಯವರಿಗೆ ಹಸಿರಿನಲ್ಲೇ 15, ದಾರಕ್ಕೆ ಚಿನ್ನದ ಎಳೆ ಸೇರಿರುತ್ತದೆ. ಬಿಡಿಸುವವರಿಗೆ ಸುಲಭದ ದಾರಿ ಸಾಲು ಎಣಿಸುವುದು. ಮೇಲಿನಿಂದ ಒಂದು, ಎರಡು, ಮೂರು ಎಂದು ಸಾಲು ಅಗಲವಾಗುತ್ತಾ ಹೋಗುತ್ತದೆ. ಮೂರು ಸಾಲಿಗೆ 6 ಆಯಿತು, ನಾಲ್ಕಕ್ಕೆ 10, ಐದಕ್ಕೆ 15. ಮೂರು ಸಾಲು ಕಂಡರೆ ಬಿಷಪ್, ನಾಲ್ಕು ಕಂಡರೆ ಆರ್ಚ್‌ಬಿಷಪ್.

ಕಾರ್ಡಿನಲ್ಲರ 15 ಗಟ್ಟಿಯಾದದ್ದು 1832ರಲ್ಲಿ. ಅದಕ್ಕೂ ಹಿಂದಿನ ಕಲ್ಲುಕೆತ್ತನೆ, ಸಮಾಧಿ ಫಲಕಗಳಲ್ಲಿ ಎಣಿಸಲು ಹೋದರೆ ಲೆಕ್ಕ ತಾಳೆಯಾಗುವುದಿಲ್ಲ. ಕೆತ್ತುವವನಿಗೆ ಜಾಗ ಸಿಕ್ಕಷ್ಟು ಕುಚ್ಚು!

ನೇರಳೆ ಮಾಡಿದರೆ ಏನಾಗುತ್ತದೆ ಗೊತ್ತೇ? ನೇರಳೆ ಟೋಪಿಗೆ ಬದಿಗೆ 6 ನೇರಳೆ ಕುಚ್ಚು ಹಾಕಿದರೆ ಅದು ಮಾನ್ಸಿನ್ಯೋರ್‌ಗಳಲ್ಲಿ ಒಂದು ದರ್ಜೆಯ ಲಾಂಛನ. ಕೆಂಪಿನಲ್ಲಿ ಬಡ್ತಿ ಕೊಟ್ಟರೆ ನೇರಳೆಯಲ್ಲಿ ಹಿಂಬಡ್ತಿ. ಬಿಷಪ್ಪರು ತೊಡುವ ಬಟ್ಟೆಯ ಬಣ್ಣಕ್ಕೂ ಅವರ ಲಾಂಛನದ ಟೋಪಿಯ ಬಣ್ಣಕ್ಕೂ ಸಂಬಂಧವಿಲ್ಲ. ಹಸಿರು ಟೋಪಿ ಸ್ಪೇನ್ ಕಡೆಯ ಬಿಷಪ್ಪರ ರೂಢಿ, ಅಲ್ಲಿಂದ ಬೇರೆಡೆಗೆ ಹರಡಿತು.

ಮಂಡಿಪೇಟೆ ಮಂಜ

ಮೇಷ್ಟ್ರೇ, ಮಾನ್ಸಿನ್ಯೋರ್ ಅವರೂ ಬರ್ತಾರಲ್ಲ. ಅವರಿಗೆ ಹಂಗಾದ್ರೆ ನೇರಳೆನಾ?

ಕೋಟೆ ಮೇಷ್ಟ್ರು

ಅವರನ್ನೇ ಕೇಳಬೇಕು. ಆ ಬಿರುದಿನಲ್ಲೇ ಮೂರು ಮೆಟ್ಟಿಲು. ಕೆಳಗಿನವರಿಗೆ ಕಪ್ಪು ಟೋಪಿ, ನೇರಳೆ ಕುಚ್ಚು. ನಡುವಿನವರಿಗೆ ಟೋಪಿ, ಕುಚ್ಚು ಎರಡೂ ನೇರಳೆ. ಮೇಲಿನವರಿಗೆ ನೇರಳೆ ಟೋಪಿ, ಕೆಂಪು ಕುಚ್ಚು. ಮೂವರಿಗೂ ಬದಿಗೆ ಆರಾರೇ, ಬಣ್ಣದಲ್ಲಿ ಮಾತ್ರ ವ್ಯತ್ಯಾಸ. 1905ರಲ್ಲಿ ಹತ್ತನೇ ಪಯಸ್ ಪೋಪರು ಈ ಗುಂಪಿನವರ ಉಡುಗೆ, ಗೌರವಗಳಿಗೆಲ್ಲ ಕಟ್ಟುನಿಟ್ಟು ಮಾಡಿದರು. 2014ರಲ್ಲಿ ಫ್ರಾನ್ಸಿಸ್ ಪೋಪರು ಇನ್ನೂ ಬಿಗಿ ಮಾಡಿ, ಧರ್ಮಕ್ಷೇತ್ರದ ಗುರುಗಳಿಗೆ ಕೆಳಗಿನ ಮೆಟ್ಟಿಲಿನದು ಮಾತ್ರ, ಅದೂ 65 ವರ್ಷ ದಾಟಿದವರಿಗೆ, ಎಂದರು. ಈಚಿನವರಾಗಿದ್ದರೆ ಕಪ್ಪು ಟೋಪಿ, ನೇರಳೆ ಕುಚ್ಚು ಎಂದು ಊಹಿಸಬಹುದು. ಆದರೆ ಕಾರ್ಡಿಗೆ ಊಹೆ ಸಾಲದು.

ಹರಿಹರ ಸೇತುವೆ

ಮಂಜಣ್ಣ, ನಾನು ಹರಿಹರದ ಕಥೋಲಿಕ. ಮೇಷ್ಟ್ರು ಹೇಳಿದ್ದು ಸರಿ. ಒಂದು ಸೇರಿಸ್ತೀನಿ, ಹಿಂದಿನ ಶಿಲುಬೆ. ಬಿಷಪ್ಪರದ್ದು ಒಂದೇ ಅಡ್ಡಪಟ್ಟಿಯ ಶಿಲುಬೆ, ಆರ್ಚ್‌ಬಿಷಪ್ಪರದ್ದು ಎರಡು ಅಡ್ಡಪಟ್ಟಿ. ನೀವು ಒಂದೇ ಫೈಲ್ ಕಾಪಿ ಮಾಡಿ ಕುಚ್ಚು ಮಾತ್ರ ಹೆಚ್ಚಿಸಿದರೆ ಇದು ಉಳಿದುಬಿಡುತ್ತೆ, ಚೆಕ್ ಮಾಡಿ. ಮಾನ್ಸಿನ್ಯೋರ್, ಫಾದರ್‌ಗಳಿಗೆ ಹಿಂದೆ ಶಿಲುಬೆ ಇಲ್ಲವೇ ಇಲ್ಲ.

ಆಮೇಲೆ ಗುರಾಣಿ ಒಳಗಿನದನ್ನು ನೀವಾಗಿ ಬಿಡಿಸೋಕೆ ಹೋಗಬೇಡಿ. ಶಿವಮೊಗ್ಗದ ಬಿಷಪ್ ಹೌಸಿಗೆ ಫೋನ್ ಮಾಡಿದರೆ ಒರಿಜಿನಲ್ ಫೈಲ್ ಕಳಿಸ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯ ಲ್ಯಾಟಿನ್ ವಿಧಿಯವರಿಗೆ (ರೋಮ್ ಪದ್ಧತಿಯ ಕಥೋಲಿಕರಿಗೆ) 1988ರಿಂದ ಶಿವಮೊಗ್ಗವೇ ಧರ್ಮಕ್ಷೇತ್ರ. ಕೇಳೋಕೆ ಸಂಕೋಚ ಬೇಡ.

ನೀಲಿ ಇಂಕು

ನಾನು ಡಿಸೈನ್ ಓದ್ತಿರೋಳು, ಪಿ.ಜೆ. ಬಡಾವಣೆ. ಒಂದು ಅರ್ಥ ಆಗ್ತಿಲ್ಲ. ಇಂಗ್ಲೆಂಡ್, ಫ್ರಾನ್ಸ್ ರಾಜಮನೆತನಗಳ ಲಾಂಛನದಲ್ಲಿ ಗುರಾಣಿ ಮೇಲೆ ಶಿರಸ್ತ್ರಾಣ ಇರುತ್ತೆ, ಅದರ ಮೇಲೆ ಗರಿ, ಸಿಂಹ ಅಂತ ಏನಾದರೂ. ಇಲ್ಲಿ ಟೋಪಿ ಯಾಕೆ? ಅದೂ ಇಂಥ ಟೋಪಿ ಹಾಕಿರೋ ಬಿಷಪ್ಪರನ್ನ ನಾನಂತೂ ನೋಡಿಲ್ಲ.

ಕೋಟೆ ಮೇಷ್ಟ್ರು

ನೋಡಿರಲಾರಿರಿ. ಈಗ ಯಾರೂ ಹಾಕುವುದಿಲ್ಲ.

ಗುರಾಣಿ ಲಾಂಛನ ಹುಟ್ಟಿದ್ದು ಯೋಧರ ನಡುವೆ. ಮುಖ ಮುಚ್ಚಿದ ಶಿರಸ್ತ್ರಾಣದೊಳಗೆ ಯಾರಿದ್ದಾರೆಂದು ತಿಳಿಯಬೇಕಲ್ಲ, ಅದಕ್ಕೆ ಗುರಾಣಿಯ ಮೇಲೆ ಗುರುತು. ಚರ್ಚಿನವರಿಗೂ ಜಮೀನಿತ್ತು, ಮೊಹರು ಬೇಕಿತ್ತು, ಅವರೂ ಗುರಾಣಿ ಇಟ್ಟುಕೊಂಡರು. ಆದರೆ ಪಾದ್ರಿ ಯುದ್ಧ ಮಾಡುವವನಲ್ಲ. ಶಿರಸ್ತ್ರಾಣದ ಜಾಗಕ್ಕೆ ಅವರದೇ ಏನಾದರೂ ಬೇಕಾಯಿತು. 1245ರಲ್ಲಿ ಲಿಯಾನ್ ಮಹಾಸಭೆಯ ಹೊತ್ತಿಗೆ ನಾಲ್ಕನೇ ಇನ್ನೊಸೆಂಟ್ ಪೋಪರು ಕಾರ್ಡಿನಲ್ಲರಿಗೆ ಕೆಂಪು ಟೋಪಿ ಕೊಟ್ಟರು, ಧರ್ಮಕ್ಕಾಗಿ ರಕ್ತ ಕೊಡಲೂ ಸಿದ್ಧರಿರಬೇಕು ಎಂಬ ಅರ್ಥದಲ್ಲಿ. ಬಿಸಿಲು ಮಳೆಗೆ ಪ್ರಯಾಣದಲ್ಲಿ ಹಾಕುತ್ತಿದ್ದ ಅಗಲ ಅಂಚಿನ ಟೋಪಿಯ ಜಾತಿಯದು ಅದು. ಗದ್ದಕ್ಕೆ ಕಟ್ಟುವ ದಾರ, ದಾರದ ತುದಿಗೆ ಕುಚ್ಚು. ಲಾಂಛನ ಬರೆಯುವವರು ಆ ದಾರವನ್ನೇ ಗುರಾಣಿಯ ಎರಡೂ ಕಡೆ ಇಳಿಬಿಟ್ಟು ಕುಚ್ಚಿನ ಮೇಲೆ ಕುಚ್ಚು ಕಟ್ಟಿದರು. ಕಾಲ ಕಳೆದಂತೆ ಕೆಳಗಿನವರಿಗೂ ಬೇರೆ ಬೇರೆ ಬಣ್ಣದಲ್ಲಿ ಬಂತು.

ನಿಜವಾದ ಟೋಪಿಯನ್ನು ಕಾರ್ಡಿನಲ್ಲರಿಗೆ ಕೊಡುವ ಪದ್ಧತಿ 1969ರ ಸುಧಾರಣೆಯಲ್ಲಿ ನಿಂತಿತು. ಕಾಗದದ ಮೇಲಿನ ಟೋಪಿ ಉಳಿಯಿತು. ತಲೆಯಿಂದ ಇಳಿದ ಟೋಪಿ ಲೆಟರ್‌ಹೆಡ್ಡಿಗೆ ಏರಿ ಕೂತಿದೆ ಅನ್ನಿ.

ಶಸ್ತ್ರ ಬೇಡ ಎಂಬ ನಿಯಮವನ್ನೂ ಎಲ್ಲರೂ ಪಾಲಿಸಲಿಲ್ಲ. ಯೂರೋಪಿನಲ್ಲಿ ಬಿಷಪ್ಪರೇ ಸಂಸ್ಥಾನ ಆಳಿದ ಕಡೆ ಗುರಾಣಿಯ ಹಿಂದೆ ಪಾಲನಾದಂಡದ (ಬಿಷಪ್ಪರ ಬಾಗಿದ ಕೋಲು) ಜೊತೆ ಕತ್ತಿಯನ್ನೂ ಅಡ್ಡ ಹಾಕಿಕೊಂಡರು. ಇಂಗ್ಲೆಂಡಿನ ಡರಮ್ ಬಿಷಪ್ಪರ ಲಾಂಛನದಲ್ಲಿ ಇವತ್ತಿಗೂ ಕತ್ತಿ ಇದೆ, ಅವರ ಮೈಟರ್ (ಬಿಷಪ್ಪರು ಪೂಜೆಯಲ್ಲಿ ಹಾಕುವ ಎತ್ತರದ, ಮೊನಚು ಟೋಪಿ) ಡ್ಯೂಕನ ಕಿರೀಟದೊಳಗಿಂದ ಎದ್ದು ಬರುತ್ತದೆ.

ಸಂತೇಬೆನ್ನೂರು ಹೊಂಡ

ನನ್ನ ಮಾತು ಕೆಲವರಿಗೆ ಕಹಿ ಆಗಬಹುದು. ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹೆಸರಲ್ಲಿ ಹತ್ತು ಕುಚ್ಚು, ಹದಿನೈದು ಕುಚ್ಚು ಅಂತ ದರ್ಜೆ ಎಣಿಸೋದು ಏನು ಚಂದ? ನಮ್ಮ ಮಠಗಳಲ್ಲೂ ಅಷ್ಟೆ, ಬೆಳ್ಳಿ ಬೆತ್ತ, ಅಡ್ಡಪಲ್ಲಕ್ಕಿ. ದೇವರ ಕೆಲಸಕ್ಕೆ ಬಂದವರಿಗೆ ಬಿರುದು ಬಾವಲಿ ಯಾಕೆ?

ಹರಿಹರ ಸೇತುವೆ

ಪ್ರಶ್ನೆ ಸರಿಯಾದದ್ದೇ ಸರ್, ಕಹಿ ಏನಿಲ್ಲ. ನಮ್ಮಲ್ಲೂ ಯುವಕರು ಇದನ್ನೇ ಕೇಳ್ತಾರೆ. ಆದರೆ ನೂರು ವರ್ಷದ ಹಿಂದಿನದನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಎಷ್ಟು ಇಳಿದಿದೆ ಅಂತ ಕಾಣ್ತದೆ. 1951ರಲ್ಲಿ ಹನ್ನೆರಡನೇ ಪಯಸ್ ಪೋಪರ ಕಾಲದ ಆಜ್ಞೆ: ಬಿಷಪ್ಪರು ಕೌಂಟ್, ಡ್ಯೂಕ್ ಅನ್ನೋ ಕುಲೀನ ಬಿರುದಿನ ಕಿರೀಟಗಳನ್ನ ಲಾಂಛನದಲ್ಲಿ ಹಾಕಿಕೊಳ್ಳಬಾರದು. 1969ರ ಮಾರ್ಚ್ 31ರ ಆದೇಶದಲ್ಲಿ ಮೈಟರ್, ಪಾಲನಾದಂಡ ಎರಡೂ ಲಾಂಛನದಿಂದ ಹೋದವು. ಲಾಂಛನ ಸರಳವಾಗಿ, ಸ್ಪಷ್ಟವಾಗಿ ಇರಬೇಕು ಅಂತಲೂ ಅಲ್ಲೇ ಹೇಳಿದೆ. ಮಂಜಣ್ಣ, ಇದು ನಿಮಗೂ ಬೇಕಾದ್ದು. ಹಳೇ ಕಾರ್ಡುಗಳಲ್ಲಿ ಗುರಾಣಿ ಮೇಲೆ ಮೈಟರ್, ಪಕ್ಕದಲ್ಲಿ ಬಾಗಿದ ಕೋಲು ಕಂಡರೆ ಅದನ್ನ ನೋಡಿ ಸೇರಿಸಬೇಡಿ. ಈಗಿನ ಕಥೋಲಿಕ ಬಿಷಪ್ಪರಿಗೆ ಟೋಪಿ, ಕುಚ್ಚು, ಶಿಲುಬೆ, ಗುರಾಣಿ, ಧ್ಯೇಯವಾಕ್ಯ, ಇಷ್ಟೇ.

ಕೋಟೆ ಮೇಷ್ಟ್ರು

ಪೋಪರದ್ದೇ ನೋಡಿ. ಮೂರಂತಸ್ತಿನ ಕಿರೀಟ ಧರಿಸಿ ಪಟ್ಟಾಭಿಷೇಕ ಮಾಡಿಸಿಕೊಂಡ ಕೊನೆಯವರು ಆರನೇ ಪೌಲ್, 1963ರಲ್ಲಿ. ಮರುವರ್ಷ ನವೆಂಬರ್‌ನಲ್ಲಿ ಅದನ್ನು ಬಡವರ ಹೆಸರಿನಲ್ಲಿ ಬಲಿಪೀಠದ ಮೇಲೆ ಇಟ್ಟುಬಿಟ್ಟರು. ಅವರ ನಂತರದವರು ಯಾರೂ ತಲೆಗೆ ಇಟ್ಟುಕೊಳ್ಳಲಿಲ್ಲ, ಆದರೂ ಲಾಂಛನದಲ್ಲಿ ಮಾತ್ರ ಆ ಕಿರೀಟ ಇನ್ನೂ ನಲವತ್ತು ವರ್ಷ ಕೂತಿತ್ತು! 2005ರಲ್ಲಿ ಹದಿನಾರನೇ ಬೆನೆಡಿಕ್ಟ್ ತೆಗೆದರು. ಬದಲಿಗೆ ಮೂರು ಚಿನ್ನದ ಪಟ್ಟಿ ಇರುವ ಮೈಟರ್, ಗುರಾಣಿಯ ಕೆಳಗೆ ಪಾಲಿಯಂ ಎಂಬ ಉಣ್ಣೆಯ ಹೆಗಲಪಟ್ಟಿ. ಫ್ರಾನ್ಸಿಸ್ ಪಾಲಿಯಂ ಕೈಬಿಟ್ಟು ಮೈಟರ್ ಇಟ್ಟುಕೊಂಡರು, ಈಗಿನ ಹದಿನಾಲ್ಕನೇ ಲಿಯೋ ಅವರದೂ ಮೈಟರ್. ವ್ಯಾಟಿಕನ್ ಬಾವುಟದಲ್ಲಿ ಹಳೆಯ ಕಿರೀಟ ಇವತ್ತಿಗೂ ಇದೆ ಅನ್ನುವುದು ಬೇರೆ ಮಾತು. ನನಗೇನೋ ಅದೊಂದು ಅರ್ಧ ಮುಗಿಸಿದ ಕೆಲಸದ ಹಾಗೆ ಕಾಣುತ್ತದೆ. ಚರ್ಚಿನವರು ಸಿಟ್ಟಾಗಬೇಡಿ.

ಪೋಪರ ಗುರಾಣಿಯ ಒಳಗಿನದು ಇನ್ನೂ ಸ್ವಾರಸ್ಯ. ಎರಡನೇ ಜಾನ್ ಪೌಲರದ್ದು ನೀಲಿಯ ಮೇಲೆ ಶಿಲುಬೆ, ಅದರ ಅಡಿಯಲ್ಲಿ ಮರಿಯಮ್ಮನವರ ಹೆಸರಿನ ಎಮ್ ಅಕ್ಷರ, ಅಷ್ಟೇ. ಲಾಂಛನದಲ್ಲಿ ಅಕ್ಷರ ಬರೆಯುವುದೇ ಸರಿಯಲ್ಲ ಎಂದು ಶಾಸ್ತ್ರ ಬಲ್ಲವರು ಮೂಗು ಮುರಿದರು. ಬೆನೆಡಿಕ್ಟ್ ಅವರದರಲ್ಲಿ ಬೆನ್ನ ಮೇಲೆ ಗಂಟು ಹೊತ್ತ ಕರಡಿ. ಸಂತ ಕೊರ್ಬಿನಿಯನ್ ರೋಮ್‌ಗೆ ಹೋಗುವಾಗ ಕರಡಿ ಅವನ ಹೊರೆಯ ಕುದುರೆಯನ್ನು ಕೊಂದಿತಂತೆ, ಅದಕ್ಕೆ ಗಂಟನ್ನು ಕರಡಿಯ ಮೇಲೇ ಹೇರಿದನಂತೆ. ಫ್ರಾನ್ಸಿಸ್ ಅವರದರಲ್ಲಿ ಅವರು ಸೇರಿದ್ದ ಯೇಸುಸಭೆಯ (ಜೆಸ್ವಿಟ್ ಗುರುಗಳ ಸಂಘ) ಸೂರ್ಯ, ನಕ್ಷತ್ರ, ಮತ್ತು ಜಟಾಮಾಂಸಿ ಹೂ. ಆ ಹೂವನ್ನು ಬಹಳ ಜನ ದ್ರಾಕ್ಷಿ ಗೊಂಚಲು ಎಂದುಕೊಂಡಿದ್ದರು. ಲಿಯೋ ಅಗಸ್ಟೀನ್ ಸಭೆಯವರು. ಅವರದರಲ್ಲಿ ಪುಸ್ತಕದ ಮೇಲೆ ಬಾಣ ನಾಟಿದ ಹೃದಯ, ಇನ್ನೊಂದು ಭಾಗದಲ್ಲಿ ನೀಲಿಯ ಮೇಲೆ ಬಿಳಿ ಲಿಲ್ಲಿ.

ಜಗಳೂರು ಜೋಳ

ಹೊಂಡದಣ್ಣ ಮಠದ ಮಾತು ತೆಗೆದರು, ಅದಕ್ಕೆ ಹೇಳ್ತೀನಿ. ನಮ್ಮಲ್ಲಿ ಪಂಚಪೀಠಗಳ ಬಾವುಟ ನೋಡ್ರಿ. ರಂಭಾಪುರಿ ಹಸಿರು, ನಮ್ಮ ಜಗಳೂರಿಗೆ ಹತ್ತಿರದ ಉಜ್ಜಿನಿ ಕೆಂಪು, ಕೇದಾರ ನೀಲಿ, ಶ್ರೀಶೈಲ ಬಿಳಿ, ಕಾಶಿ ಹಳದಿ. ಅಡ್ಡಪಲ್ಲಕ್ಕಿ ಉತ್ಸವದಾಗೆ ದೂರದಿಂದ ಬಣ್ಣ ನೋಡಿದ್ರೆ ಯಾವ ಪೀಠದವರು ಬಂದ್ರು ಅಂತ ಅಜ್ಜಿ ಕೂಡ ಹೇಳ್ತಾಳೆ. ಆದರೆ ನಮ್ಮಲ್ಲಿ ಬಣ್ಣ ಮೇಲೆ ಕೆಳಗೆ ಹೇಳಲ್ಲ, ಐದೂ ಸಮ, ಬಣ್ಣ ಬರೀ ಯಾವ ಪೀಠ ಅಂತ ಹೇಳ್ತದೆ. ಇವರಲ್ಲಿ ಬಣ್ಣವೇ ದರ್ಜೆ. ಹಸಿರು ಟೋಪಿ ನೋಡಿದ್ರೆ ಬಿಷಪ್ಪರು ಅಂತ ಗೊತ್ತು, ಯಾವ ಊರಿನವರು ಅಂತ ಟೋಪಿ ಹೇಳಲ್ಲ. ಸರಿನಾ ಮೇಷ್ಟ್ರೇ?

ಕೋಟೆ ಮೇಷ್ಟ್ರು

ನೂರಕ್ಕೆ ನೂರು. ಊರು ಹೇಳುವ ಕೆಲಸ ಗುರಾಣಿಯದು. ಕೆಲವು ದೇಶಗಳಲ್ಲಿ, ಮುಖ್ಯವಾಗಿ ಇಂಗ್ಲೆಂಡ್, ಅಮೆರಿಕದಲ್ಲಿ, ಗುರಾಣಿಯನ್ನು ಉದ್ದಕ್ಕೆ ಸೀಳಿ ಒಂದು ಅರ್ಧದಲ್ಲಿ ಧರ್ಮಕ್ಷೇತ್ರದ ಲಾಂಛನ, ಇನ್ನೊಂದು ಅರ್ಧದಲ್ಲಿ ಬಿಷಪ್ಪರ ಸ್ವಂತದ್ದು ಹಾಕುತ್ತಾರೆ. ಬಿಷಪ್ಪರು ವರ್ಗವಾದರೆ ಒಂದು ಅರ್ಧ ಬದಲಾಗುತ್ತದೆ, ಇನ್ನೊಂದು ಅವರ ಜೊತೆಗೇ ಹೋಗುತ್ತದೆ.

ಮಂಡಿಪೇಟೆ ಮಂಜ · ಮಂಗಳವಾರ ಬೆಳಿಗ್ಗೆ

ಹೊಸ ತಕರಾರು. ಕಮಿಟಿಯ ಇನ್ನೊಬ್ಬರು ರಾತ್ರಿ ಫೋನ್ ಮಾಡಿ, "ನಮ್ಮ ಧರ್ಮಕ್ಷೇತ್ರದಾಗೆ ಹರಿಹರ ಬಸಿಲಿಕಾ ಆಗೈತೆ, ಅದಕ್ಕೆ ಬಿಷಪ್ಪರ ಲಾಂಛನದಾಗೆ ಪೋಪರ ಕೀಲಿಕೈ ಹಾಕಬಹುದು, ಹಾಕ್ಬಿಡು" ಅಂದ್ರು. ಹೌದಾ?

ಹರಿಹರ ಸೇತುವೆ

ಇಲ್ಲ ಇಲ್ಲ ಇಲ್ಲ.

ಕೀಲಿಕೈ ಬಸಿಲಿಕಾದ್ದು, ಬಿಷಪ್ಪರದ್ದಲ್ಲ. ನಮ್ಮ ಆರೋಗ್ಯಮಾತೆ ದೇವಾಲಯಕ್ಕೆ ಕಿರಿಯ ಬಸಿಲಿಕಾ ಅನ್ನೋ ಗೌರವ ಪೋಪರಿಂದ ಬಂದದ್ದು. ಆ ಗೌರವದ ಜೊತೆ ಕೆಲವು ಗುರುತುಗಳು ಬರ್ತವೆ. ಒಂದು, ಒಂದರ ಮೇಲೊಂದು ಅಡ್ಡ ಇಟ್ಟ ಎರಡು ಕೀಲಿಕೈ, ಚಿನ್ನದ್ದೊಂದು ಬೆಳ್ಳಿಯದೊಂದು. ಬಸಿಲಿಕಾದ ಬಾವುಟ, ಪೀಠೋಪಕರಣ, ಮೊಹರಿನ ಮೇಲೆ ಇದನ್ನ ಹಾಕಬಹುದು. ಇನ್ನೊಂದು ಕೆಂಪು ಹಳದಿ ಪಟ್ಟೆಯ ರೇಷ್ಮೆ ಛತ್ರಿ, ಅರ್ಧ ಬಿಚ್ಚಿದ ಹಾಗೆ ಇಟ್ಟಿರ್ತಾರೆ. ಮತ್ತೊಂದು ಕೋಲಿನ ಮೇಲೆ ಕಟ್ಟಿದ ಪುಟ್ಟ ಗಂಟೆ. ಕರ್ನಾಟಕದಲ್ಲಿ ಬೆಂಗಳೂರು ಶಿವಾಜಿನಗರದ ಸಂತ ಮೇರಿ ಬಸಿಲಿಕಾ, ಕಾರ್ಕಳ ಅತ್ತೂರಿನ ಸಂತ ಲಾರೆನ್ಸ್ ಬಸಿಲಿಕಾಗೂ ಇದೇ ಗೌರವ ಇದೆ.

ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರಕ್ಕೆ ಬಂದವರಿಗೆ ಗೊತ್ತು, ಜಾತಿ ಮತ ನೋಡದೆ ಜನ ಸೇರ್ತಾರೆ, ಹರಕೆ ಮೊಂಬತ್ತಿಗೆ ಸಾಲು ನಿಲ್ತಾರೆ. ಆ ಹಬ್ಬದ ಕರಪತ್ರಕ್ಕೆ ಬೇಕಾದರೆ ಕೀಲಿಕೈ ಹಾಕಿ. ಬೇರೆ ಊರಿನ ಚರ್ಚ್ ಉದ್ಘಾಟನೆಯ ಕಾರ್ಡಲ್ಲಿ, ಅದೂ ಬಿಷಪ್ಪರ ಗುರಾಣಿಯ ಹಿಂದೆ ಹಾಕಿದರೆ ಅದು ಪೋಪರ ಲಾಂಛನದ ಥರ ಆಗುತ್ತೆ.

ನೀಲಿ ಇಂಕು

ಛತ್ರಿ! ಕಳೆದ ವರ್ಷ ಪೋಪ್ ತೀರಿಕೊಂಡಾಗ ಟಿವಿಯಲ್ಲಿ ಕೀಲಿಕೈ ಮೇಲೆ ಛತ್ರಿ ಇರೋ ಚಿತ್ರ ನೋಡಿದ ನೆನಪು. ಅದೇ ಛತ್ರಿನಾ?

ಕೋಟೆ ಮೇಷ್ಟ್ರು

ಅದೇ ವಂಶದ್ದು. ಪೋಪರ ಪೀಠ ಖಾಲಿ ಇರುವಷ್ಟು ದಿನ ಕಿರೀಟ ಮಾಯವಾಗಿ, ಕೀಲಿಕೈಗಳ ಮೇಲೆ ಛತ್ರಿ ಬರುತ್ತದೆ. 2025ರ ಏಪ್ರಿಲ್ 21ರಂದು ಫ್ರಾನ್ಸಿಸ್ ತೀರಿಕೊಂಡರು, ಮೇ 8ರಂದು ಲಿಯೋ ಆಯ್ಕೆಯಾದರು. ಆ ನಡುವಿನ ದಿನಗಳ ಗುರುತು ಅದು. ವ್ಯಾಟಿಕನ್‌ನವರು ಇಂಥ ಪ್ರತಿ ಸಂದರ್ಭಕ್ಕೂ ಛತ್ರಿ ಇರುವ ಅಂಚೆಚೀಟಿ ಹೊರಡಿಸುತ್ತಾರೆ, ನನ್ನಂಥವರ ಜೇಬಿಗೆ ಕತ್ತರಿ ಬೀಳುತ್ತದೆ. ಪೀಠ ಖಾಲಿ ಇದ್ದಾಗ ಆಡಳಿತ ನೋಡಿಕೊಳ್ಳುವ ಕಾರ್ಡಿನಲ್ಲರೂ ತಮ್ಮ ಲಾಂಛನದಲ್ಲಿ ಈ ಛತ್ರಿಯನ್ನು ಇಟ್ಟುಕೊಳ್ಳುತ್ತಾರೆ.

ಗೌರವಕ್ಕೆ ಛತ್ರ ಹಿಡಿಯುವುದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ಲವೇ.

ಕೀರ್ತನೆ ಪುಸ್ತಕ

ಪ್ರೈಸ್ ದ ಲಾರ್ಡ್. ನಾವು ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಪ್ರೊಟೆಸ್ಟೆಂಟರು. ಎಲ್ಲರೂ ಕಥೋಲಿಕರ ಲೆಕ್ಕವನ್ನೇ ಕ್ರೈಸ್ತರೆಲ್ಲರ ಲೆಕ್ಕ ಅಂತ ತಿಳ್ಕೋಬಾರದು ಅಂತ ಬರೀತಿದ್ದೀನಿ. ನಮ್ಮಲ್ಲೂ ಬಿಷಪ್ಪರಿದ್ದಾರೆ, ಆದರೆ ಟೋಪಿ ಕುಚ್ಚಿನ ಲಾಂಛನ ನಮ್ಮ ರೂಢಿಯಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಕೂಡಿದ್ದು ನಮ್ಮ ಸಭೆ. ಅವರಲ್ಲಿ ಮುಕ್ಕಾಲು ಪಾಲಿನವರಿಗೆ ಲಾಂಛನದ ಗೊಡವೆಯೇ ಇರಲಿಲ್ಲ. ನಮಗೆಲ್ಲರಿಗೂ ಇರೋದು ಒಂದೇ ಗುರುತು: ಶಿಲುಬೆ, ತಾವರೆ, ಅಗ್ನಿಜ್ವಾಲೆ, ಸುತ್ತ "ಎಲ್ಲರೂ ಒಂದಾಗಿರಬೇಕು" ಅನ್ನೋ ಯೋಹಾನನ ಸುವಾರ್ತೆಯ ಮಾತು. ಬಿಷಪ್ಪರಿಗೂ ಅದೇ, ಹಳ್ಳಿ ಸಭೆಯ ಬೋರ್ಡಿಗೂ ಅದೇ. ನನಗಿದೇ ಚಂದ.

ಕೋಟೆ ಮೇಷ್ಟ್ರು

ತಾವರೆಯ ಮೇಲೆ ಶಿಲುಬೆ ಇಟ್ಟವರ ಕಣ್ಣು ದೊಡ್ಡದು. ಇಂಗ್ಲೆಂಡಿನ ಆಂಗ್ಲಿಕನ್ನರದ್ದು ಮಾತ್ರ ಬೇರೆ ದಾರಿ. ಅಲ್ಲಿ ಬಿಷಪ್ಪರ ಗುರಾಣಿಯ ಮೇಲೆ ಟೋಪಿಯಲ್ಲ, ಮೈಟರ್. ರೋಮ್‌ನವರು 1969ರಲ್ಲಿ ತೆಗೆದದ್ದನ್ನು ಇವರು ಇಟ್ಟುಕೊಂಡಿದ್ದಾರೆ. ಅವರ ಮುಖ್ಯ ಆರ್ಚ್‌ಬಿಷಪ್ಪರ ಕ್ಯಾಂಟರ್ಬರಿ ಪೀಠದ ಗುರಾಣಿಯಲ್ಲಂತೂ ಪೋಪರು ಕೊಡುವ ಪಾಲಿಯಂನ ಚಿತ್ರವೇ ಇದೆ, ರೋಮ್ ಬಿಟ್ಟು ನಾಲ್ಕೂವರೆ ಶತಮಾನ ದಾಟಿದರೂ ಅಳಿಸಿಲ್ಲ. ತಮಾಷೆಯೆಂದರೆ 1976ರಲ್ಲಿ ಅಲ್ಲಿನ ಬಿಷಪ್ಪರಲ್ಲದ ಪಾದ್ರಿಗಳಿಗೆ, ಅಂದರೆ ಡೀನ್, ಆರ್ಚ್‌ಡೀಕನ್, ಸಾಮಾನ್ಯ ಗುರುಗಳಿಗೆ, ಕುಚ್ಚಿನ ಕಪ್ಪು ಟೋಪಿ ಅಧಿಕೃತವಾಗಿ ಬಂತು. ಅಲ್ಲೂ ದರ್ಜೆ ಹೇಳುವುದು ಕುಚ್ಚಿನ ಸಂಖ್ಯೆ ಮತ್ತು ಕುಚ್ಚು, ದಾರಗಳ ಬಣ್ಣ.

ಪೂರ್ವದ ಆರ್ಥೊಡಾಕ್ಸ್ ಸಭೆಗಳಲ್ಲಿ ಟೋಪಿಯ ಪದ್ಧತಿ ಇಲ್ಲ. ಗುಮ್ಮಟದಾಕಾರದ ಕಿರೀಟ, ಗುರಾಣಿಯ ಹಿಂದೆ ಹರಡಿದ ನಿಲುವಂಗಿ, ಎರಡು ಹಾವುಗಳ ತಲೆ ಇರುವ ದಂಡ.

ನೀಲಿ ಇಂಕು

ಇಷ್ಟೂ ಹೊತ್ತು ಗಂಡಸರದ್ದೇ ಆಯ್ತು. ಸಿಸ್ಟರ್‌ಗಳಿಗೆ ಏನೂ ಇಲ್ವಾ?

ಹರಿಹರ ಸೇತುವೆ

ನಮ್ಮೂರ ಕಾನ್ವೆಂಟಿನ ಸಿಸ್ಟರ್‌ಗಳಿಗೆ ವೈಯಕ್ತಿಕ ಲಾಂಛನ ಇರಲ್ಲಕ್ಕ, ಅವರ ಸಭೆಯ ಗುರುತು ಇರುತ್ತೆ. ಯೂರೋಪಿನ ದೊಡ್ಡ ಮಠಗಳ ಅಬೆಸ್ ಅಂದರೆ ಮಠಾಧ್ಯಕ್ಷೆಯರಿಗೆ ಮಾತ್ರ ಇತ್ತು, ಈಗಲೂ ಇದೆ.

ಕೋಟೆ ಮೇಷ್ಟ್ರು

ಅವರಿಗೆ ಗುರಾಣಿಯ ಬದಲು ವಜ್ರಾಕೃತಿ, ಹೆಂಗಸರು ಯುದ್ಧಕ್ಕೆ ಹೋಗುವುದಿಲ್ಲ ಎಂಬ ಹಳೆಯ ಲೆಕ್ಕ. (ಓಬವ್ವನ ಊರಿನವನು ನಾನು, ಈ ಕಾರಣವನ್ನು ಒಪ್ಪುವುದು ಕಷ್ಟ.) ಹಿಂದೆ ಪಾಲನಾದಂಡ, ಅದಕ್ಕೆ ಇಳಿಬಿಟ್ಟ ಬಟ್ಟೆಯ ತುಂಡು. ಗಂಡು ಮಠಾಧ್ಯಕ್ಷರಿಗೆ ಕಪ್ಪು ಟೋಪಿ, ಬದಿಗೆ 6 ಕಪ್ಪು ಕುಚ್ಚು, ಅದೇ ಬಟ್ಟೆ ಕಟ್ಟಿದ ದಂಡ.

ಮಂಡಿಪೇಟೆ ಮಂಜ · ಮಂಗಳವಾರ ಸಂಜೆ

ಬಿಷಪ್ ಹೌಸಿನಿಂದ ಫೈಲ್ ಬಂತು, ನೀಟಾಗೈತೆ. ಆರ್ಚ್‌ಬಿಷಪ್ಪರದ್ದೂ ಬಂತು, ಎರಡು ಅಡ್ಡಪಟ್ಟಿ, ಎಣಿಸಿದೆ, ಹತ್ತು ಹತ್ತು. ಮಾನ್ಸಿನ್ಯೋರ್ ಅವರು "ನಂಗೆ ಲಾಂಛನ ಇಲ್ಲಪ್ಪ, ಹೆಸರು ಸಾಕು" ಅಂದ್ರು. ಉಳಿದಿದ್ದು ಎರಡು. ಒಂದು, ಇಬ್ಬರ ಲಾಂಛನ ಪಕ್ಕಪಕ್ಕ ಹಾಕುವಾಗ ಯಾರದ್ದು ಯಾವ ಕಡೆ? ಎರಡು, ಚರ್ಚಿನ ರಸೀದಿ ಪುಸ್ತಕಕ್ಕೆ ಕಪ್ಪು ಇಂಕಿನಾಗೆ ಮಾತ್ರ ಹೊಡೀಬೇಕು. ಬಣ್ಣ ಇಲ್ಲದಿದ್ರೆ ಹಸಿರು ಟೋಪಿನೂ ಕೆಂಪು ಟೋಪಿನೂ ಒಂದೇ ಥರ ಕಾಣಲ್ವಾ?

ಕೋಟೆ ಮೇಷ್ಟ್ರು

ಮೊದಲನೆಯದಕ್ಕೆ: ಲಾಂಛನ ಶಾಸ್ತ್ರದಲ್ಲಿ ಬಲ ಎಂದರೆ ಗುರಾಣಿ ಹಿಡಿದವನ ಬಲ, ನೋಡುವವರಿಗೆ ಅದು ಎಡ. ಹೆಚ್ಚಿನ ಗೌರವದ ಜಾಗವೂ ಅದೇ. ಆರ್ಚ್‌ಬಿಷಪ್ಪರದ್ದು ಓದುವವರ ಎಡಕ್ಕೆ, ಬಿಷಪ್ಪರದ್ದು ಬಲಕ್ಕೆ.

ಎರಡನೆಯದಕ್ಕೆ ಸೊಗಸಾದ ಉತ್ತರವಿದೆ, ಅದನ್ನು ಜನಪ್ರಿಯ ಮಾಡಿದವರೂ ಒಬ್ಬ ಪಾದ್ರಿಯೇ. ಸಿಲ್ವೆಸ್ಟರ್ ಪೆಟ್ರಾ ಸಾಂಕ್ಟಾ ಎಂಬ ಯೇಸುಸಭೆಯವರು, 1638ರಲ್ಲಿ. ಆಗ ಪುಸ್ತಕಕ್ಕೆ ಬಣ್ಣ ಹೊಡೆಯುವುದು ದುಬಾರಿ. ಬಣ್ಣದ ಬದಲು ಗೆರೆ. ಲಂಬ ಗೆರೆಗಳು ಕೆಂಪು. ಅಡ್ಡ ಗೆರೆಗಳು ನೀಲಿ. ನೋಡುವವರ ಎಡ ಮೇಲಿನಿಂದ ಬಲ ಕೆಳಕ್ಕೆ ಓರೆ ಗೆರೆ ಹಸಿರು, ಅದರ ತಿರುಗುಮುರುಗು ನೇರಳೆ. ಅಡ್ಡ ಉದ್ದ ಎರಡೂ ಸೇರಿದ ಚೌಕುಳಿ ಕಪ್ಪು. ಚಿನ್ನಕ್ಕೆ ಚುಕ್ಕಿ, ಬೆಳ್ಳಿಗೆ ಖಾಲಿ ಬಿಡುವುದು. ಇವತ್ತಿಗೂ ನಾಣ್ಯ, ಮೊಹರುಗಳ ಮೇಲೆ ಇದೇ ನಡೆಯುತ್ತದೆ. ನಾಣ್ಯ ಸಂಗ್ರಹದಲ್ಲಿ ನನಗೆ ಮೊದಲು ಕಣ್ಣಿಗೆ ಬಿದ್ದದ್ದೂ ಈ ಗೆರೆಗಳೇ. ಮೊದಲೆಲ್ಲ ಬರೀ ಅಲಂಕಾರ ಅಂದುಕೊಳ್ಳುವವರೇ ಹೆಚ್ಚು. ಟೋಪಿಯನ್ನು ಓರೆ ಗೆರೆಯಿಂದ ತುಂಬಿಸಿ, ದಿಕ್ಕು ನೋಡಿಕೊಳ್ಳಿ. ಫೈಲನ್ನು ಮಿರರ್ ಮಾಡಿದರೆ ಹಸಿರು ಹೋಗಿ ನೇರಳೆಯಾಗುತ್ತದೆ.

ಜಗಳೂರು ಜೋಳ

ಅಯ್ಯೋ ಶಿವನೇ, ಒಂದು ಕ್ಲಿಕ್ಕಿಗೆ ಮತ್ತೆ ಹಿಂಬಡ್ತಿ.

ನೀಲಿ ಇಂಕು

ಮಂಜಣ್ಣ, ರಸೀದಿ ಪುಸ್ತಕದಲ್ಲಿ ಲಾಂಛನ ಒಂದಿಂಚೂ ಇರಲ್ಲ. ಗೆರೆ ತೀರಾ ಹತ್ತಿರ ಹಾಕಿದರೆ ಇಂಕು ಹರಡಿ ಟೋಪಿ ಪೂರ್ತಿ ಕಪ್ಪಾಗುತ್ತೆ, ಕಪ್ಪು ಅಂದ್ರೆ ಸಾಮಾನ್ಯ ಫಾದರ್ ಅಂತಾಯ್ತಲ್ಲ! ಗೆರೆ ಕಡಿಮೆ ಮಾಡಿ, ಅಂತರ ಬಿಟ್ಟು ಹಾಕಿ. ಕುಚ್ಚಿನ ಒಳಗೆ ಗೆರೆ ಬೇಡ, ಬರೀ ಹೊರ ರೇಖೆ ಸಾಕು.

ಮಂಡಿಪೇಟೆ ಮಂಜ

ಸರಿ ಅಕ್ಕ. ಕೊನೇದೊಂದು. ಶಿಲುಬೆ ಚಿನ್ನದ್ದು ಅಂತ ಕಾರ್ಡಿಗೆ ಗೋಲ್ಡ್ ಫಾಯಿಲ್ ಬೇಕೇ ಬೇಕು ಅಂತಾರೆ ಕಮಿಟಿಯವರು. ಫಾಯಿಲ್‌ಗೆ ಬೇರೆ ಡೈ (ಲೋಹದ ಅಚ್ಚು) ಮಾಡಿಸ್ಬೇಕು, ರೇಟು ಏರ್ತದೆ. ಹಳದಿ ಹಾಕಿದ್ರೆ ತಪ್ಪಾಗ್ತದಾ?

ಕೋಟೆ ಮೇಷ್ಟ್ರು

ಇಲ್ಲ. ಲಾಂಛನದಲ್ಲಿ ಚಿನ್ನವೂ ಹಳದಿಯೂ ಒಂದೇ, ಬೆಳ್ಳಿಯೂ ಬಿಳಿಯೂ ಒಂದೇ. ವ್ಯಾಟಿಕನ್ ಬಾವುಟದ ಹಳದಿ ಬಿಳಿ ಎಂದರೆ ಚಿನ್ನ ಬೆಳ್ಳಿಯೇ. ಒಳ್ಳೆಯ ಹಳದಿ ಹೊಡೆಯಿರಿ, ಸಾಕು.

ಮಂಡಿಪೇಟೆ ಮಂಜ

ಹಂಗಾದ್ರೆ ಡೈ ಖರ್ಚು ಉಳೀತು. ಬಿಷಪ್ ಹೌಸಿಗೆ ಪ್ರೂಫ್ ಕಳಿಸಿದೀನಿ, ಓಕೆ ಬಂದ್ರೆ ನಾಳೆ ಪ್ಲೇಟ್.

ಜಗಳೂರು ಜೋಳ

ಉಳಿದಿದ್ದು ಬಿಲ್ಲಿನಾಗೂ ಉಳೀಲಿ ಕಣಣ್ಣ.